ಬೂದಿ ಯಾವುದರದು

1976, ಮಾರ್ಚ್ 6, ಶನಿವಾರ

ಲೆಫ್ಸೆ ರೊಟ್ಟಿ ಲಟ್ಟಿಸಿ ಲಟ್ಟಿಸಿ ತೋಳು ಬಿದ್ದುಹೋಗಿದೆ. ಬೆಳಿಗ್ಗೆ ಏಳರಿಂದ ಚರ್ಚಿನ ನೆಲಮಾಳಿಗೆಯಲ್ಲೇ. ಹನ್ನೊಂದು ಜನ ಹೆಂಗಸರು, ನಾಲ್ಕು ಕಾವಲಿ, ಮೂರು ಮೂಟೆ ಆಲೂಗಡ್ಡೆ. ನನ್ನ ರೊಟ್ಟಿ ತೆಳು. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣಬೇಕು, ಅಮ್ಮ ಹಾಗೆ ಕಲಿಸಿದ್ದು. ಅರ್ಡೆಲ್‌ದು ಕಂಬಳಿ. ಮದುವೆಗೆ ಮುಂಚಿನಿಂದಲೂ ಕಂಬಳಿಯೇ.

ಅರ್ಡೆಲ್ ಇವತ್ತು ಬಾಯಿ ಮುಚ್ಚಲಿಲ್ಲ. ಹಳೆ ಚೀಸ್ ಕಾರ್ಖಾನೆಯಲ್ಲಿ ಮ್ಯೂಸಿಯಂ ಮಾಡ್ತಿದ್ದಾಳಲ್ಲ. ನಾರ್ವೆ ಹಬ್ಬದ ಮೇ ಮೆರವಣಿಗೆಯ ದಿನ ಬಾಗಿಲು ತೆಗೆಯುತ್ತದಂತೆ.

"ಅಪ್ಪನ ಮನೆ ಖಾಲಿ ಮಾಡಿಸುವಾಗ ಅಟ್ಟದಲ್ಲಿ ಏನು ಸಿಕ್ಕಿತು ಹೇಳಿ ನೋಡೋಣ. ಹಾರ್ಡಾಂಗರ್ ಪಿಟೀಲು ಕಣ್ರೇ. ಮುತ್ತಿನ ಚಿಪ್ಪು ಕೂರಿಸಿರೋದು. ತಾತ ನಾರ್ವೆ ಬಿಟ್ಟು ಈ ದೇಶಕ್ಕೆ ಬರುವಾಗ ತಂದಿರಬೇಕು. ಅಪ್ಪನ್ನ ಕೇಳಿದರೆ ಗೋಡೆ ಕಡೆ ತಿರುಗಿಬಿಡ್ತಾರೆ."

ಅವಳಪ್ಪ ಎಲ್ಲಿಂಗ್ ಸ್ಕೋರ್ ಮನೆಯಲ್ಲಿ ಪಿಟೀಲು? ಬಾಯಿಬಾಜ ಕಂಡರೂ ಸೈತಾನ ಅನ್ನುತ್ತಿದ್ದ ಮನುಷ್ಯನ ಅಟ್ಟದಲ್ಲಿ?

ಕಾವಲಿ ಮೇಲಿದ್ದದ್ದು ಸೀದುಹೋಯಿತು. "ಗುನ್ವೋರ್ ಸೀಯಿಸಿದಳು, ದಿನ ಬರೆದಿಟ್ಕೊಳ್ರೇ" ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ 8, ಸೋಮವಾರ

ಮ್ಯೂಸಿಯಂಗೆ ಹೋಗಿ ನೋಡಿ ಬಂದೆ. ನಮ್ಮಪ್ಪನದೇ.

ತಲೆಯ ಜಾಗದಲ್ಲಿ ಸಿಂಹದ ಮುಖ, ಎಡಗಿವಿ ಮುಕ್ಕು. ಆ ಕಿವಿ ಮುರಿದವಳು ನಾನು, ಐದು ವರ್ಷದವಳಿದ್ದಾಗ. ಗಾಜಿನ ಪೆಟ್ಟಿಗೆ, ಮುಂದೆ ಒಂದು ಹಲಗೆ. ಅರ್ಡೆಲ್ ಕೈಯಾರೆ ನೀಲಿ ಕೆಂಪು ಹೂಬಳ್ಳಿ ಬಿಡಿಸಿದ್ದಾಳೆ. ನಡುವೆ — "ಸ್ಕೋರ್ ಮನೆತನದ ಪಿಟೀಲು".

ಬರೆದಿಡುತ್ತೇನೆ. ಯಾರಿಗೂ ಅಲ್ಲ.

1931ರ ಫೆಬ್ರವರಿ. ತಂಗಿ ಇಂಗಾ ಗಂಟಲು ಮಾರಿಯಿಂದ ಹೋದಳು. ಆರು ವರ್ಷ. ನನಗೆ ಹದಿಮೂರು. ಮಣ್ಣು ಮಾಡಿದ ಮೂರನೇ ದಿನ ಎಲ್ಲಿಂಗ್ ಬಂದ, ಚರ್ಚಿನ ಹಿರಿಯನಾಗಿ. ಅಡುಗೆಮನೆಯಲ್ಲಿ ನಿಂತು ಅಪ್ಪನಿಗೆ ಹೇಳಿದ: "ಟಾರಾಲ್ಡ್, ಕಣಿವೆಯನ್ನೆಲ್ಲಾ ಕುಣಿಸಿದೆ. ದೇವರು ಕಂದಾಯ ತಗೊಂಡ. ಇನ್ನೊಬ್ಬ ಮಗಳಿದ್ದಾಳೆ, ನೋಡಿಕೋ." ಅಪ್ಪ ಗೋಡೆಯಿಂದ ಪಿಟೀಲು ಇಳಿಸಿ ಕೊಟ್ಟ. ಭಾನುವಾರ ಎಲ್ಲಿಂಗ್ ಎಲ್ಲರೆದುರು ಸಾಕ್ಷಿ ಹೇಳಿದ — ಸುಟ್ಟೆ ಅಂತ. ಬೂದಿಯನ್ನು ಹಂದಿಕೊಬ್ಬಿನ ಡಬ್ಬಿಯಲ್ಲಿ ತಂದು ಅಪ್ಪನ ಕೈಗಿಟ್ಟ. ಅಪ್ಪ ಅದನ್ನು ಇಂಗಾಳ ಗೋರಿಯ ಹಿಮದ ಮೇಲೆ ಚೆಲ್ಲಿದ.

ಆಮೇಲೆ ಹದಿನೆಂಟು ವರ್ಷ ಬದುಕಿದ್ದ. ನುಡಿಸಲಿಲ್ಲ, ಶಿಳ್ಳೆ ಕೂಡ ಹಾಕಲಿಲ್ಲ. ಊಟದ ಮೇಜಿನ ಅಂಚಿನಲ್ಲಿ ಎಡಗೈಯ ನಾಲ್ಕು ಬೆರಳು ಓಡುತ್ತಿದ್ದವು. ಅಮ್ಮ ಕೈ ಮೇಲೆ ಕೈಯಿಟ್ಟರೆ ನಿಲ್ಲುತ್ತಿದ್ದವು.

ಮಾರ್ಚ್ 9

ಅರ್ಡೆಲ್ ಮನೆಗೆ ಹೋದೆ. ಕಾಫಿ ಕೊಟ್ಟಳು. ಕುಡಿಯಲಿಲ್ಲ.

"ಅದು ನಮ್ಮಪ್ಪಂದು."

"ನಿಮ್ಮಪ್ಪಂದು ಸುಟ್ಟುಹೋಯ್ತು ಕಣೆ. ಊರಿಗೇ ಗೊತ್ತು."

"ಊರಿಗೆ ಗೊತ್ತಿದ್ದದ್ದು ನಿಮ್ಮಪ್ಪ ಹೇಳಿದ್ದು."

"ನಮ್ಮಪ್ಪ ಸುಳ್ಳು ಹೇಳಿದರು ಅಂತೀಯಾ? ಆ ಮನುಷ್ಯ ತಮಾಷೆಗೂ ಸುಳ್ಳು ಆಡಿದ್ದಿಲ್ಲ."

"ತಮಾಷೆ ಆಡಿದ್ದೂ ನಾನು ಕಂಡಿಲ್ಲ. ಕಿವಿ ಮುಕ್ಕಾಗಿದೆ ನೋಡು. ಮುಕ್ಕು ಮಾಡಿದವಳು ನಾನು."

"ಹಳೇ ಪಿಟೀಲುಗಳದ್ದೆಲ್ಲಾ ಎಲ್ಲೋ ಒಂದು ಕಡೆ ಮುಕ್ಕೇ." ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು, ತುಂಬಿದ ಬಟ್ಟಲನ್ನೇ. "ಗುನ್ವೋರ್, ಒಂಟಿಯಾಗಿದ್ದರೆ ತಲೆಗೆ ಏನೇನೋ ಬರುತ್ತೆ. ಹೊಲಿಗೆ ಗುಂಪಿಗೆ ಬಾ."

ಹೊಲಿಗೆ ಗುಂಪು. ಸರಿ. ಹೊಲಿಯುತ್ತೇನೆ.

ಮಾರ್ಚ್ 15, ಸೋಮವಾರ

ವೃದ್ಧರ ಮನೆಯ ಅಡುಗೆಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಎಲ್ಲಿಂಗ್ ಅಲ್ಲಿಗೆ ಬಂದು ಎರಡು ವರ್ಷ. ಇಷ್ಟು ದಿನ ಅವನ ತಟ್ಟೆ ಬೇರೆಯವರ ಕೈಲಿ ಕಳಿಸುತ್ತಿದ್ದೆ. ಇವತ್ತಿನಿಂದ ನಾನೇ ಒಯ್ಯುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ಏಳನೇ ನಂಬರ್ ಕೋಣೆ. ಓಟ್ಸ್ ಗಂಜಿ, ಒಣದ್ರಾಕ್ಷಿ, ಕಾಫಿ.

ಎಂಬತ್ತೊಂಬತ್ತು. ಕಣ್ಣು ಮಂಜು. ಬುದ್ಧಿ ಚಾಕು.

"ಯಾರು?"

"ಟಾರಾಲ್ಡನ ಮಗಳು." ಚಮಚ ಕೈಗಿಟ್ಟೆ. "ಬೂದಿ ಯಾವುದರದು?"

ಗೋಡೆಗೆ ತಿರುಗಿದ. ಗಂಜಿ ಮುಟ್ಟಲಿಲ್ಲ.

ನಾಳೆಯೂ ಕೇಳುತ್ತೇನೆ.

ಮಾರ್ಚ್ 16

ಕೇಳಿದೆ. ಗೋಡೆ.

ಮಾರ್ಚ್ 17

ಕೇಳಿದೆ. "ದೇವರು ನಿನ್ನ ಕ್ಷಮಿಸಲಿ" ಅಂದ. "ಆತನಿಗೆ ನಿಮ್ಮದೇ ಬೇಕಾದಷ್ಟು ಕೆಲಸ ಇದೆ" ಅಂದೆ. ಬಾಗಿಲು ಹಾಕಿಕೊಂಡು ಬಂದೆ. ಬರುವಾಗ ಕಾರಿಡಾರಿನಲ್ಲಿ ಹಗುರ ಅನ್ನಿಸಿತು. ಹುಡುಗಿ ಥರ.

ಮಾರ್ಚ್ 30, ಮಂಗಳವಾರ

ಹದಿನಾರನೇ ಬೆಳಿಗ್ಗೆ. ಕೇಳಲು ಬಾಯಿ ತೆಗೆದಿದ್ದೆ, ಅವನೇ ಅಂದ —

"ಬರ್ಚ್ ಸೌದೆದು."

ತಟ್ಟೆ ಹಿಡಿದು ನಿಂತೇ ಇದ್ದೆ.

"ಒಲೆ ಬಾಗಿಲು ತೆಗೆದಿದ್ದೆ. ಕೈಲಿ ಅದಿತ್ತು. ಆ ಹೂಬಳ್ಳಿ, ಆ ಚಿಪ್ಪು... ಆಗಲಿಲ್ಲ. ಸೌದೆ ತುರುಕಿದೆ."

"ಆಗಲಿಲ್ಲ ಅಂದಮೇಲೆ ವಾಪಸ್ ಕೊಡಬೇಕಿತ್ತು."

"ಎಲ್ಲರೆದುರು ಸುಟ್ಟೆ ಅಂದಿದ್ದೆ. ಮೊದಲ ವರ್ಷ ನಾಚಿಕೆ. ಆಮೇಲೆ ವರ್ಷಗಳು."

"ಹದಿನೆಂಟು ವರ್ಷ ಬದುಕಿದ್ದರು ನಮ್ಮಪ್ಪ."

"ಗೊತ್ತು. ಚರ್ಚಿನಲ್ಲಿ ನನ್ನ ಮುಂದಿನ ಸಾಲಲ್ಲೇ ಕೂರುತ್ತಿದ್ದ. ಪ್ರತಿ ಭಾನುವಾರ ಅವನ ಕತ್ತು ನೋಡುತ್ತಿದ್ದೆ. ಇವತ್ತು ಹೇಳ್ತೀನಿ ಅಂತ. ಕತ್ತು ನೋಡಿ ನೋಡಿ ಮನೆಗೆ ಬರ್ತಿದ್ದೆ."

ಅವನು ಅತ್ತಿದ್ದರೆ ಏನು ಮಾಡುತ್ತಿದ್ದೆನೋ. ಅಳಲಿಲ್ಲ. ಗಂಜಿ ತಿಂದ, ಪೂರ್ತಿ, ಹಸಿದವನ ಹಾಗೆ.

ಸುಟ್ಟಿದ್ದರೇ ಚೆನ್ನಾಗಿತ್ತು. ಸುಟ್ಟಿದ್ದರೆ ಮೂರ್ಖ ಅನ್ನಬಹುದಿತ್ತು. ಇಂಗಾಳ ಗೋರಿ ಮೇಲೆ ಅಪ್ಪ ಸೌದೆ ಬೂದಿ ಚೆಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಈ ಮನುಷ್ಯ ನಮ್ಮ ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದ.

ಏಪ್ರಿಲ್ 22, ಗುರುವಾರ

ಮುದುಕ ಹೇಳಿದ್ದನ್ನು ಅರ್ಡೆಲ್ ನಂಬಲಿಲ್ಲ. "ದಿನಾ ಬೆಳಿಗ್ಗೆ ಪೀಡಿಸಿ ಹೇಳಿಸಿದ್ದೀಯ" ಅಂದಳು. ಸುಳ್ಳಲ್ಲ.

ಇವತ್ತು ಬೇರೆ ದಾರಿ. ಪಕ್ಕದ ಕಣಿವೆಯ ಲೆರಾಯ್ ಬಕ್ಕುಮ್ ಪಿಟೀಲಿಗೆ ತಂತಿ ಕಟ್ಟಲು ಬಂದಿದ್ದ. ನುಡಿಸುವವನೂ ಅವನೇ, ರಿಪೇರಿಯವನೂ ಅವನೇ. ಈ ಸೀಮೆಯಲ್ಲಿ ಅವನೊಬ್ಬ ಉಳಿದಿದ್ದಾನೆ. ಅರ್ಡೆಲ್ ಎದುರಿಗೇ ಅವನಿಗೆ ಹೇಳಿದೆ:

"ಅಲ್ಲಾಡಿಸಪ್ಪ ಅದನ್ನ."

ಅಲ್ಲಾಡಿಸಿದ. ಒಳಗೆ ಒಣಬೀಜದ ಹಾಗೆ ಗಿಲಗಿಲ. ನಾನು ಅರ್ಡೆಲ್ ಕಡೆ ತಿರುಗಿದೆ.

"ಗಿಲಕಿ ಹಾವಿನ ಬಾಲ ಅದು. ಏಳು ಬಳೆ ಇರಬೇಕು. ನಮ್ಮ ಗುಡ್ಡದ ಮೇಲೆ ಹೊಡೆದಿದ್ದು, ನಾನು ಜೊತೆಗಿದ್ದೆ. ಇಲಿ ಬರಲ್ಲ, ದನಿ ಚುರುಕಾಗುತ್ತೆ ಅಂತ ಅಪ್ಪ ಒಳಗೆ ಹಾಕಿದ್ದು. ನಾರ್ವೆಯಲ್ಲಿ ಗಿಲಕಿ ಹಾವು ಇರಲ್ಲ, ಅರ್ಡೆಲ್. ನಿಮ್ಮ ತಾತ ಅಲ್ಲಿಂದ ತಂದಿರೋಕೆ ಸಾಧ್ಯವಿಲ್ಲ."

ಲೆರಾಯ್ ಬಗ್ಗಿಸಿದ ತಂತಿ ತೂರಿಸಿ, ಬೆವರು ಸುರಿಸಿ, ಕೊನೆಗೆ ಹೊರಗೆಳೆದ. ಮೇಜಿನ ಮೇಲಿಟ್ಟು ಎಣಿಸಿದ. ಜೋರಾಗಿ. ಏಳು.

ಅರ್ಡೆಲ್ ಕುರ್ಚಿಗೆ ಕೂತಳು. ಲಿಪ್‌ಸ್ಟಿಕ್ ಮಾತ್ರ ಮುಖದಲ್ಲಿ ಉಳಿಯಿತು.

ಲೆರಾಯ್ ಟೋಪಿ ಹುಡುಕಿದ. "ನಾನು ಗಾಡೀಲಿರ್ತೀನಿ" ಅಂದ.

"ತಗೊಂಡು ಹೋಗು ಗುನ್ವೋರ್. ಯಾರಿಗೂ ಹೇಳೋದು ಬೇಡ. ನಿಂದೇ ಇದು."

"ನಿಮ್ಮಪ್ಪ ಎಲ್ಲರೆದುರು ಹೇಳಿದ್ದು. ನೀನೂ ಎಲ್ಲರೆದುರು ಓದು. ಮೆರವಣಿಗೆ ದಿನ, ವೇದಿಕೆ ಮೇಲೆ. ನಾನು ಬರೆದುಕೊಡ್ತೀನಿ."

"ಅಪ್ಪನಿಗೆ ಎಂಬತ್ತೊಂಬತ್ತು ಕಣೆ."

"ಪಿಟೀಲು ಕೈಬಿಟ್ಟಾಗ ನಮ್ಮಪ್ಪನಿಗೆ ನಲವತ್ತೊಂದಾಗಿತ್ತು."

ಮೇ 2

ಆರು ಸಲ ಬರೆದೆ. ಬೈಗುಳ ಎಲ್ಲಾ ತೆಗೆದುಹಾಕಿದೆ. ತೆಗೆದಷ್ಟೂ ಹರಿತವಾಗುತ್ತದೆ. ನಾಲ್ಕು ಸಾಲು ಉಳಿದಿದೆ.

ಮೇ 15, ಶನಿವಾರ

ಓದಿದಳು.

ನಾರ್ವೆಯ ಉಡುಪು ತೊಟ್ಟಿದ್ದಳು. ಕಸೂತಿಯ ಏಪ್ರನ್ನು, ಎದೆಯ ಮೇಲೆ ಅಜ್ಜಿಯ ಬೆಳ್ಳಿ ಪದಕ. ಓದುವಾಗ ಪದಕಕ್ಕೆ ತೂಗುವ ಎಲೆಗಳೆಲ್ಲಾ ಸಣ್ಣಗೆ ಸದ್ದು ಮಾಡುತ್ತಿದ್ದವು, ಮೈಕಿನಲ್ಲಿ ಕೇಳಿಸುತ್ತಿತ್ತು.

"ಇದು ಟಾರಾಲ್ಡ್ ಮಿಟ್‌ಬೋ ಅವರ ಪಿಟೀಲು. 1931ರಲ್ಲಿ ನನ್ನ ತಂದೆ ಎಲ್ಲಿಂಗ್ ಸ್ಕೋರ್ ಇದನ್ನು ಅವರಿಂದ ತೆಗೆದುಕೊಂಡರು. ಸುಟ್ಟೆ ಎಂದು ಸುಳ್ಳು ಹೇಳಿ, ಬೇರೆ ಬೂದಿ ಕೊಟ್ಟರು. ಟಾರಾಲ್ಡ್ ಮತ್ತೆ ನುಡಿಸಲಿಲ್ಲ."

ಇಷ್ಟೇ. ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟರು. ಸಾವಿರ ಜನ, ಅರ್ಧ ಜನರ ಅಪ್ಪಂದಿರು ಆ ಭಾನುವಾರ ಚರ್ಚಿನಲ್ಲಿದ್ದವರೇ. ಕೆಲವರು ಬಂದು ನನ್ನ ಕೈ ಹಿಡಿದರು. ಕೆಲವರು ದೂರದಿಂದಲೇ ನೋಡಿ ಸಾಸೇಜ್ ಅಂಗಡಿ ಕಡೆ ಹೋದರು. ಒಬ್ಬಳು ಕೇಳಿಸುವ ಹಾಗೇ ಅಂದಳು: "ಸಾಯೋ ಮುದುಕನ್ನ ಬೀದಿಗೆಳೆದಳು."

ಎಳೆದೆ. ಸಕ್ಕರೆ ತಿಂದ ಹಾಗಿತ್ತು. ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಪಿಟೀಲು ಈಗ ನನ್ನ ಮೇಜಿನ ಮೇಲಿದೆ.

ಮೇ 17, ಸೋಮವಾರ

ಏಳನೇ ನಂಬರ್.

"ಓದಿದಳಂತೆ" ಅಂದ.

"ಓದಿದಳು."

"ಸರಿ ಮಾಡಿದೆ." ಚಮಚ ಕೆಳಗಿಟ್ಟ. "ತಂತಿ ಕಟ್ಟಿದ್ದಾನಾ ಬಕ್ಕುಮ್?"

"ಕಟ್ಟಿದ್ದಾನೆ."

"ಒಂದು ಸಲ ಇಲ್ಲಿಗೆ ತರಿಸ್ತೀಯಾ. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನ ತೆಗೆದು ತೆಗೆದು ನೋಡಿದ್ದೀನಿ. ಒಂದು ದಿನವೂ ತಂತಿ ಮುಟ್ಟಲಿಲ್ಲ. ಕೇಳಬೇಕು, ಒಂದೇ ಒಂದು ಸಲ. ಬಾಗಿಲು ತೆಗೆದಿಟ್ಟು ಕಾರಿಡಾರಿನಲ್ಲಿ ನುಡಿಸಿದರೂ ಆದೀತು."

ಓ. ಇದು ನನ್ನ ಕೈಗೆ ತಾನಾಗಿ ಬಂದು ಬಿತ್ತು. ವೇದಿಕೆ, ಕಾಗದ ಎಲ್ಲಾ ಮಕ್ಕಳಾಟ ಇದರ ಮುಂದೆ.

"ಇಲ್ಲ" ಅಂದೆ. "ನೀವು ಇರೋವರೆಗೂ ಇಲ್ಲ."

ತಟ್ಟೆ ಪಕ್ಕಕ್ಕೆ ಸರಿಸಿ ಅಂದ: "ನ್ಯಾಯ."

ಮೇ 29

ಅವನು ಮತ್ತೆ ಕೇಳುತ್ತಿಲ್ಲ. ನಾನು ಕಾಯುತ್ತಿದ್ದೇನೆ. ಕಾಫಿ ಬಗ್ಗಿಸುತ್ತೇನೆ, ದಿಂಬು ಸರಿಮಾಡುತ್ತೇನೆ, ಬೇಕೆಂದೇ ನಿಧಾನ ಮಾಡುತ್ತೇನೆ. ಒಂದು ಸಲ ಕೇಳಲಿ, ಮತ್ತೊಮ್ಮೆ ಇಲ್ಲ ಅನ್ನಬೇಕು. ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ, ಇಟ್ಟುಕೊಂಡೇ ಬರುತ್ತೇನೆ.

ಲೆರಾಯ್ ಫೋನ್ ಮಾಡಿದ್ದ, ನುಡಿಸಿ ತೋರಿಸಲು ಬರಲಾ ಅಂತ. ಈಗ ಬೇಡ ಅಂದೆ. ಎಲ್ಲಿಂಗ್ ಇರೋವರೆಗೂ ಇಲ್ಲ ಅಂದಮೇಲೆ, ನನ್ನ ಮನೆಯಲ್ಲೂ ಇಲ್ಲ.

ಜೂನ್ 20, ಭಾನುವಾರ

ಎಲ್ಲಿಂಗ್ ಊಟ ಬಿಟ್ಟಿದ್ದಾನೆ. ತಟ್ಟೆ ಒಯ್ಯುವುದೂ ನಿಂತಿತು.

ಮಧ್ಯಾಹ್ನ ಅರ್ಡೆಲ್ ಹಿಂಬಾಗಿಲಿಗೆ ಬಂದಳು. ಒಳಗೆ ಬಾ ಅನ್ನಲಿಲ್ಲ.

"ಅಪ್ಪ ಕೇಳ್ತಿಲ್ಲ. ನಾನು ಕೇಳ್ತಿದ್ದೀನಿ. ಲೆರಾಯ್ ಕಾರಿನಲ್ಲೇ ಇದ್ದಾನೆ. ಐದು ನಿಮಿಷ ಸಾಕು."

"ಇಲ್ಲ."

"ನೀ ಹೇಳಿದ್ದೆಲ್ಲಾ ಓದಿದೆ. ನನ್ನ ಮಕ್ಕಳ ಎದುರು, ಬೀಗರ ಎದುರು. ನಾನೇನು ಮಾಡಿದ್ದೆ ಗುನ್ವೋರ್? 1931ರಲ್ಲಿ ನನಗೆ ಹತ್ತು ವರ್ಷ."

"ಇಂಗಾಗೆ ಆರು."

"ನಿಮ್ಮಪ್ಪ ಆಗಿದ್ದರೆ ನುಡಿಸ್ತಿದ್ದರು."

"ನಮ್ಮಪ್ಪನ ಹೆಸರು ನಿನ್ನ ಬಾಯಲ್ಲಿ ಬೇಡ."

ಹೋದಳು. ಮೆಟ್ಟಿಲ ಹತ್ತಿರ ಒಂದು ಸಲ ಎಡವಿದಳು. ನಾನು ಕೈ ಕೊಡಲಿಲ್ಲ. ಅವಳು ಹೇಳಿದ್ದು ನಿಜ. ಅಪ್ಪ ನುಡಿಸುತ್ತಿದ್ದ. ಅದಕ್ಕೇ ಅಪ್ಪನಿಗೆ ಆ ಗತಿ ಬಂತು.

ಜೂನ್ 24, ಗುರುವಾರ

ಬೆಳಿಗ್ಗೆ ಆರೂವರೆಗೆ ಎಲ್ಲಿಂಗ್ ಸ್ಕೋರ್ ತೀರಿಕೊಂಡ. ಕೇಳದೆ.

ಏಳು ನಂಬರಿನ ಹಾಸಿಗೆ ಬಟ್ಟೆ ಒಗೆಯಲು ಹಾಕಿದರು. ಗೆದ್ದೆ.

ಜೂನ್ 28

ಸಾವಿನ ಊಟಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ ಮಾಡುವ ಸರದಿ ನಮ್ಮ ಗುಂಪಿನದೇ. ಮಾಡಿದೆ. ಯಾರೂ ನನ್ನ ಪಕ್ಕದ ಕುರ್ಚಿ ಎಳೆದುಕೊಳ್ಳಲಿಲ್ಲ. ಅರ್ಡೆಲ್ ಮಾತ್ರ ಎದುರು ಬಂದು ನಿಂತು, "ಕಾಫಿ ಚೆನ್ನಾಗಿತ್ತು" ಅಂದಳು. ಅವಳು ಬೈದಿದ್ದರೆ ಇಷ್ಟು ನೆಡುತ್ತಿರಲಿಲ್ಲ.

ಜುಲೈ 10, ಶನಿವಾರ

ಲೆರಾಯ್ ಬಂದ. ಕಿಟಕಿಗಳನ್ನೆಲ್ಲಾ ತೆಗೆದೆ. ಹೊಸ ಮೇಜುಬಟ್ಟೆ. ಇಷ್ಟು ದಿನ ಕಾದದ್ದು ಇದಕ್ಕೆ.

ಮೇಲೆ ನಾಲ್ಕು ತಂತಿ, ಅದರಡಿ ಇನ್ನೂ ನಾಲ್ಕು. ಮೇಲಿನದನ್ನು ನುಡಿಸಿದರೆ ಕೆಳಗಿನದು ಮುಟ್ಟದೆಯೇ ಮಿಡಿಯುತ್ತದೆ. ಆ ದನಿ ಕೇಳಿದ ಕೂಡಲೇ ಹದಿಮೂರು ವರ್ಷದವಳಾದೆ. ಅಳು ಬಂತು. ಅಪ್ಪನ ಮದುವೆ ಕುಣಿತದ ಮಟ್ಟು ಬೇಕು ಅಂದೆ, ಅಪ್ಪನೇ ಕಟ್ಟಿದ್ದು. ತನ್ನಪ್ಪನ ಬಾಯಿಂದ ಅರ್ಧ ಕೇಳಿದ್ದಾಗಿ ಲೆರಾಯ್ ಅಂದ. ಶುರು ಮಾಡಿದ. ಅದೇ, ಅದೇ. ನಡುವೆ ಒಂದು ತಿರುವಿನಲ್ಲಿ ನಿಲ್ಲಿಸಿದ.

"ಇಲ್ಲಿಂದ ಮೇಲೆ ಹೋಗುತ್ತಾ, ಕೆಳಗಾ?"

ನೆನಪಿಲ್ಲ. ಕಣ್ಣು ಮುಚ್ಚಿದೆ. ಮೇಜಿನ ಅಂಚಿನಲ್ಲಿ ಓಡುವ ಬೆರಳು ಕಾಣುತ್ತದೆ, ಸ್ವರ ಕೇಳಿಸುವುದಿಲ್ಲ.

"ಟಾರಾಲ್ಡ್ ನುಡಿಸಿದ್ದನ್ನ ಕೇಳಿದವರು ಇನ್ಯಾರಾದರೂ ಇದ್ದಾರಾ ಗುನ್ವೋರ್ ಅಮ್ಮ? ನಮ್ಮಪ್ಪ ಅನ್ನೋರು, ಈ ಮಟ್ಟು ಮೊದಲು ಎದ್ದಿದ್ದೇ ಎಲ್ಲಿಂಗ್ ಸ್ಕೋರ್ ಮದುವೇಲಂತೆ. ಬೆಳತನಕ ಕುಣಿದನಂತೆ ಮದುಮಗ, ಆಗಿನ್ನೂ ಚರ್ಚಿನ ಹುಚ್ಚು ಹಿಡಿದಿರಲಿಲ್ಲವಂತೆ. ಅವರಿದ್ದಿದ್ದರೆ..." ಅಂದವನು ನನ್ನ ಮುಖ ನೋಡಿ ಕಮಾನಿಗೆ ರಾಳ ಉಜ್ಜತೊಡಗಿದ.

ಮೇಲೆ ಅಂದೆ. ನುಡಿಸಿದ. ಅಲ್ಲ, ಕೆಳಗೆ ಅಂದೆ. ನುಡಿಸಿದ. ಎರಡೂ ಚೆನ್ನಾಗಿಯೇ ಇತ್ತು. ಅಪ್ಪನದು ಯಾವುದು ಅಂತ ಹೇಳಬಲ್ಲವನನ್ನು ಕೇಳಿಸದೆ ಕಳಿಸಿದ್ದೆ.