ಗೇಟಿಗೆ ಬಾರದ ಕಾರ್ಯದರ್ಶಿ

ಮಲ್ಕಾಜ್‌ಗಿರಿಯ ಮನೆಯಿಂದ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ ಅಪ್ಪಾ,

ಪಗಾರದ ದಿನ ನೀನು ಯೂನಿಯನ್ ಕಾರ್ಯದರ್ಶಿಯಾಗಿ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದದ್ದು ನೆನಪಾಯಿತು. ಯೂನಿಯನ್ ಚಂದಾ ಕೊಡುವವರು ಯೂನಿಯನ್ ಮಾಡದೆ ಬಿಟ್ಟ ಕೆಲಸಕ್ಕೆ ಮೊದಲು ನಿನ್ನನ್ನು ಬೈಯಬೇಕು, ಆಮೇಲೆ ರಸೀದಿ. "ರೊಕ್ಕ ಕೊಡಾಕತ್ತೀರಿ, ಸುಮ್ನ ಯಾಕ ಹೋಗ್ತೀರಿ? ಬೈರಿ ಮೊದಲ!" ಎನ್ನುತ್ತಿದ್ದೆ. ಮನೆಗೆ ಬಂದು ಆ ಬೈಗುಳಗಳನ್ನೆಲ್ಲ ಅವ್ವನೆದುರು ಖುಷಿಯಿಂದ ಒಪ್ಪಿಸುತ್ತಿದ್ದೆ. ಚಂದಾ ಕೊಡದವರ ಮೇಲೂ ಸಿಟ್ಟಾದವನಲ್ಲ.

ನಿನ್ನ ಶಿಷ್ಯ ಬಸವಂತ ಕಾಕಾ ಕಾರ್ಯದರ್ಶಿಯಾದ ಮೇಲೆ ಚಂದಾ ಪಗಾರದಲ್ಲೇ ಕಡಿತವಾಗುವಂತೆ ಮಾಡಿದರು. ದೊಡ್ಡ ಗೆಲುವೆಂದು ಪೇಡೆ ಹಂಚಿದರು. ನಿನ್ನ ನಂತರ ಅದೇ ಕಾರ್ಖಾನೆ ಸೇರಿದ ನಾನೂ ತಿಂದೆ, ಒಪ್ಪಿಗೆಗೆ ಸಹಿಯನ್ನೂ ಹಾಕಿದೆ. ಅಂದಿನಿಂದ ಈ ಮಹಾನುಭಾವರು ಗೇಟಿನ ಧೂಳು ತುಳಿದಿರಲಿಲ್ಲ. ಬಿಸಿಲಿಗೆ ಮೈ ಕಂದೀತಲ್ಲ, ಪಾಪ! ಹಿಮಾಯತ್‌ನಗರದ ಯೂನಿಯನ್ ಕಚೇರಿಯ ಎಸಿ ಕೋಣೆಯಲ್ಲಿ ಕೂತು ಕಾರ್ಮಿಕರ ಬೆವರಿನ ಬಗ್ಗೆ ಭಾಷಣ ಬಿಗಿಯುತ್ತಾರೆ. ಇಂಥವರನ್ನೇ ನೀನು... ಹೋಗಲಿ ಬಿಡು.

ಹೋದ ತಿಂಗಳು ನಮ್ಮ ವಿಭಾಗದ ಶರಣಮ್ಮನ ಬೆರಳುಗಳು ಪ್ರೆಸ್ ಮಷೀನಿಗೆ ಸಿಕ್ಕಿ ಹೋದವು. ತಪ್ಪು ಅವಳದ್ದೇ ಎಂದು ಆಡಳಿತದವರು ನೋಟಿಸು ಕೊಟ್ಟರು. ಬೆರಳೂ ಇಲ್ಲ, ಇನ್ನು ಕೆಲಸವೂ ಹೋದರೆ? ಕಾಕಾಗೆ ಫೋನ್ ಮಾಡಿದರೆ, "ನೋಡೋಣಂತ, ತಡಿಯವಾ" ಎಂದರು. ನೋಡಲೇ ಇಲ್ಲ. ನಾನು ಕಡಿತದ ಒಪ್ಪಿಗೆಯನ್ನು ವಾಪಸು ಪಡೆದೆ. ಇಡೀ ವಿಭಾಗ ಹಾಗೇ ಮಾಡಿತು.

ಮರುದಿನ ನೋಡಬೇಕಿತ್ತು ನೀನು, ಕಾಕಾ ಗೇಟಿಗೆ ಓಡೋಡಿ ಬಂದರು! "ನಿಮ್ಮಪ್ಪ ಕಟ್ಟಿದ ಯೂನಿಯನ್ ಐತಿ. ನೀನೇ ಮುರೀತೀಯೇನವಾ?"

"ಸೇರೋದು ಬಿಡೋದು ಅವರವರ ಖುಷಿ ಅಂತ ಕಾನೂನು ಹೇಳತೈತ್ರಿ ಕಾಕಾ. ನಮಗ ಖುಷಿ ಇಲ್ರಿ."

ಅಷ್ಟರಲ್ಲಿ ಶರಣಮ್ಮ ಬ್ಯಾಂಡೇಜಿನ ಕೈ ಹಿಡಿದುಕೊಂಡು ಎದುರಿಗೆ ಬಂದಳು. ಕಾಕಾ ಹಲ್ಲು ಕಿಸಿದು ಕೇಳಿದರು: "ಕೈಗೇನಾತವಾ?"

ನನಗೆ ಬೈಯಲೂ ಹೇಸಿಗೆಯಾಯಿತು.

ಸೋಮವಾರ ಆ ನೋಟಿಸಿನ ಮೇಲೆ ಆಡಳಿತದವರ ಮುಂದೆ ಅವಳ ವಿಚಾರಣೆ. ಅವಳ ಪರ ಮಾತಾಡಲು ಜೊತೆಗೆ ಕೆಲಸ ಮಾಡುವ ಒಬ್ಬರು ಕೂರಬಹುದಂತೆ. "ನೀವೇ ಬರ್ರಿ ಅಕ್ಕಾರ" ಎಂದಿದ್ದಾಳೆ. ಹೋಗುತ್ತೇನೆ ಅಪ್ಪಾ. ನಿನ್ನ ಯೂನಿಯನ್ ಬಿಟ್ಟವಳಾಗಿಯೇ ಹೋಗುತ್ತೇನೆ.

ನಿನ್ನ ಮಗಳು