ರೊಟ್ಟಿ ಬಡಿಯುವ ಸದ್ದು

ನೆದರ್‌ಲ್ಯಾಂಡ್ಸ್
(ಊರಿನ ಹೆಸರು ಬರೆಯುವಂತಿಲ್ಲ)
24 ಫೆಬ್ರವರಿ 2025, ಸೋಮವಾರ

ಪ್ರೀತಿಯ ಅಣ್ಣ ಬಸವಂತಪ್ಪನಿಗೆ ತಂಗಿ ಕಾಶಮ್ಮನ ಶರಣಾರ್ಥಿ.

ಹೇಗಿದ್ದೀ ಅಣ್ಣಾ? ಮೊಣಕಾಲಿನ ಬಾವು ಇಳಿಯಿತೇ? ಹುಬ್ಬಳ್ಳಿಯ ಹೋಟೆಲಿನಲ್ಲಿ ಮ್ಯಾನೇಜರ್ ಆದ ಮೇಲೆ ನಿನಗೆ ಓಡಾಟ ಕಡಿಮೆ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಟ್ಟಿದ್ದಾರೆ ಎಂದು ಕೇಳಿದ್ದೇನೆ. ಆದರೂ ರಾತ್ರಿ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದನ್ನು ಬಿಡಬೇಡ. ವೈನಿಯ ಬಿ.ಪಿ. ಹೇಗಿದೆ? ನಾಡಿದ್ದು ಶಿವರಾತ್ರಿ, ಉಪವಾಸವೆಂದು ಗುಳಿಗೆ ತಪ್ಪಿಸಿಯಾಳು, ನೋಡಿಕೋ. ನಾನು ಚೆನ್ನಾಗಿದ್ದೇನೆ. ಬಲಗೈ ಮಾತ್ರ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ತಲೆ ಬಾಚಿಕೊಳ್ಳಲು ಎಡಗೈಗೆ ಕಲಿಸಿದ್ದೇನೆ. ನಾನಿರುವುದು ನನ್ನಂತೆ ತಪ್ಪಿಸಿಕೊಂಡು ಬಂದ ಹೆಂಗಸರ ಮನೆ. ಇದರ ವಿಳಾಸವನ್ನು ಒಡಹುಟ್ಟಿದವರಿಗೂ ಕೊಡಬಾರದು ಎಂಬುದು ಇಲ್ಲಿಯ ನಿಯಮ. ಮೊದಮೊದಲು ಈ ನಿಯಮ ಅತಿಯಾಯಿತು ಅನ್ನಿಸುತ್ತಿತ್ತು.

ನಿನ್ನ ಕಾಗದ ವಕೀಲೆಯ ಕಚೇರಿಗೆ ಬಂದು, ಅಲ್ಲಿಂದ ಇವತ್ತು ಬೆಳಿಗ್ಗೆ ನನ್ನ ಕೈ ಸೇರಿತು. ಮೂರೂವರೆ ವರ್ಷದಲ್ಲಿ ಇದೇ ನಿನ್ನ ಮೊದಲ ಕಾಗದ. ಅಕ್ಷರ ಇನ್ನೂ ಹಾಗೆಯೇ ದುಂಡಗಿದೆ, ಲಕೋಟೆಯ ಹಿಂದೆ ಪಿನ್‌ಕೋಡ್ ಸಹಿತ ಪೂರ್ತಿ ವಿಳಾಸ ಬರೆದಿದ್ದೀ, ಶಿಸ್ತು ಅಂದರೆ ನಿನ್ನದೇ. ಎರಡು ಸಲ ಓದಿದೆ. ವಾಮನನ ಅಣ್ಣ ಮಹಾಬಲೇಶ್ವರ, ಅಂದರೆ ನಿನ್ನ ಹೋಟೆಲಿನ ಧಣಿ, ಕಾರು ಮಾಡಿಕೊಂಡು ನಮ್ಮ ಮನೆಯವರೆಗೆ ಬಂದರಂತೆ. ಕಟ್ಟೆಯ ಮೇಲೆ ಕೂತು ವೈನಿಯ ಕೈಯ ಚಹಾ ಕುಡಿದು, ನಿಮ್ಮ ತಂಗಿ ದೊಡ್ಡ ಮನಸ್ಸು ಮಾಡಬೇಕು ಎಂದು ಕಣ್ಣೊರೆಸಿಕೊಂಡರಂತೆ. ಮಾರ್ಚ್ ಹದಿನೆಂಟರ ಮಂಗಳವಾರ ವಾಮನ ಮತ್ತು ಅವನ ಹೆಂಡತಿ ಅನಸೂಯ ಇಬ್ಬರೂ ಇಲ್ಲಿಯ ನ್ಯಾಯಾಲಯದಲ್ಲಿ ಆರೋಪಿಗಳಾಗಿ ಕೂರುತ್ತಾರೆ. ಅವತ್ತು ನಾನು ಎದ್ದು ನಿಂತು, ನಾನು ಅವರ ಮನೆಗೆ ಬಂದ ಅತಿಥಿ, ರೊಟ್ಟಿಯನ್ನು ನನ್ನ ಖುಷಿಗೆ ಮಾಡಿಕೊಂಡಿದ್ದೆ ಎಂದು ಹೇಳಬೇಕು ಎನ್ನುತ್ತೀ. ಕೇಳಿದ್ದು ತಪ್ಪಲ್ಲ, ನೀನು ಹಿರಿಯ. ಆದರೆ ಏನನ್ನು ಮುಚ್ಚಿಹಾಕು ಎನ್ನುತ್ತಿದ್ದೀ ಎಂಬುದು ನಿನಗೆ ತಿಳಿದಿರಲಿ. ಅದಕ್ಕೇ ಅಲ್ಲಿ ಹೇಳಲಿರುವುದನ್ನು ನಿನಗೆ ಮೊದಲು ಬರೆಯುತ್ತೇನೆ. ಕನ್ನಡಕ ಹಾಕಿಕೊಂಡು ಓದು.

ಮುಂಬೈಯಲ್ಲಿ ನನ್ನನ್ನು ವಿಮಾನ ಹತ್ತಿಸುವಾಗ ನೀನು, “ಮೂರ ತಿಂಗಳ, ಕಾಶೀ. ಹೂಂ ಅನ್ನೂದ್ರಾಗ ಮುಗೀತೈತಿ” ಅಂದಿದ್ದೆ. ಯಾರಾದರೂ ಕೇಳಿದರೆ ಅನಸೂಯಾಳ ಚಿಕ್ಕಮ್ಮ ಅಂತ ಹೇಳು ಎಂದಿದ್ದೆ. ಅವರು ಉಡುಪಿ ಕಡೆಯ ತುಳು ಮಂದಿ, ನಾನು ಇಂಡಿ ತಾಲ್ಲೂಕಿನವಳು, ಅವರ ಮನೆಮಾತಿನ ಒಂದಕ್ಷರ ನನಗೆ ತಿಳಿಯದು. ಚಿಕ್ಕಮ್ಮನಂತೆ! ಆಮ್ಸ್ಟರ್‌ಡ್ಯಾಮಿನ ಮನೆ ತಲುಪಿದ ದಿನವೇ ಪಾಸ್‌ಪೋರ್ಟ್ ಕಪಾಟು ಸೇರಿತು. ಮೂರು ತಿಂಗಳು ಮುಗಿದ ದಿನ ಊರಿಗೆ ಕಳಿಸಿ ಅಂದೆ. ಇವತ್ತಿನಿಂದ ನೀನು ಈ ದೇಶದಲ್ಲಿ ಕಳ್ಳಿ, ಹೊರಗೆ ಕಾಲಿಟ್ಟರೆ ಪೊಲೀಸರು ಒಯ್ಯುತ್ತಾರೆ ಎಂದು ಅನಸೂಯ ನಗುತ್ತಲೇ ಹೇಳಿದಳು. ಅಟ್ಟದಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ನನ್ನ ಹಾಸಿಗೆ. ಬೆಳಿಗ್ಗೆ ಐದರಿಂದ ಹಿಟ್ಟು, ಹಲಗೆ, ಹಂಚು. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆ ರೊಟ್ಟಿಯ ವ್ಯಾಪಾರಕ್ಕೆ ‘ಅನಸೂಯಕ್ಕನ ಕೈರೊಟ್ಟಿ’ ಎಂದು ಹೆಸರು. ನನ್ನ ರೊಟ್ಟಿಗಳ ಅಟ್ಟಿಯ ಹಿಂದೆ ಅವಳು ಇಳಕಲ್ ಸೀರೆ ಉಟ್ಟು ನಿಂತ ಫೋಟೋ. ಡೆಲ್ಫ್ಟ್, ಎನ್ಸ್‌ಕೆಡೆ, ಎಲ್ಲೆಲ್ಲಿ ನಮ್ಮ ಕಡೆಯ ಹುಡುಗರು ಓದುತ್ತಿದ್ದಾರೋ ಅಲ್ಲಿಗೆಲ್ಲ ಖಡಕ್ ರೊಟ್ಟಿಯ ಡಬ್ಬಿ ಅಂಚೆಯಲ್ಲಿ ಹೋಗುತ್ತಿತ್ತು.

ನನ್ನ ಊಟದ ಪದ್ಧತಿ ಹೇಳುತ್ತೇನೆ, ಕೇಳು. ಒಡೆದ ರೊಟ್ಟಿ ನನಗೆ, ಇಡೀ ರೊಟ್ಟಿ ಡಬ್ಬಿಗೆ. ಅವ್ವನ ಕೈಕೆಳಗೆ ಕಲಿತವಳು ನಾನು, ನನ್ನ ರೊಟ್ಟಿ ಒಡೆಯುವುದೇ ಕಡಿಮೆ. ಕೆಲಸ ಚೆನ್ನಾಗಿ ಆದ ದಿನ ಹೊಟ್ಟೆ ಖಾಲಿ. ಹಸಿವು ತಡೆಯದೆ ಒಂದು ದಿನ ಬೇಕೆಂದೇ ನಾಲ್ಕು ರೊಟ್ಟಿಯ ಅಂಚು ಮುರಿದೆ. ಅವಳು ಕಂಡುಹಿಡಿದು ಕಾದ ಸಟ್ಟುಗವನ್ನು ಮೊಣಕೈ ಮೇಲೆ ಒತ್ತಿದಳು. ವಾಮನ ಅಲ್ಲೇ ಮೇಜಿನ ಬಳಿ ಮೊಸರನ್ನ ಉಣ್ಣುತ್ತಿದ್ದ, ಉಪ್ಪಿನಕಾಯಿ ಕೇಳಿದ, ನಾನೇ ಎದ್ದು ಬಡಿಸಿದೆ. ಆ ಗುರುತು ಈಗಲೂ ಇದೆ. ಇಲ್ಲಿ ಮಾರ್ಚಿನಲ್ಲೂ ಚಳಿ ಬಿಡುವುದಿಲ್ಲ, ಆದರೂ ಹದಿನೆಂಟನೇ ತಾರೀಖಿಗೆಂದು ಗಿಡ್ಡ ತೋಳಿನ ರವಿಕೆ ಹೊಲಿದುಕೊಂಡಿದ್ದೇನೆ.

ಅವಳಿಗೆ ಆಫೀಸು ಮನೆಯಲ್ಲೇ, ಮೇಲಿನ ಕೋಣೆಯಲ್ಲಿ. ಅವಳು ಹೊರಗೆ ಹೋದರೆ ಮುಂದಿನ ಹಿಂದಿನ ಎರಡೂ ಬಾಗಿಲಿಗೆ ಕೀಲಿ. ಮನೆಯಲ್ಲಿದ್ದರೆ ಕಸ ಹಾಕಲೆಂದು ಹಿತ್ತಲ ಬಾಗಿಲು ತೆರೆದಿರುತ್ತಿತ್ತು, ಕಾವಲು ಮಾತ್ರ ಅವಳ ಕಿವಿಯದು. ರೊಟ್ಟಿ ಬಡಿಯುವ ಸದ್ದು ಒಂದು ನಿಮಿಷ ನಿಂತರೆ ಮೇಲಿನಿಂದ “ಕಾಶೀ!” ಎಂಬ ಕೂಗು ಬರುತ್ತಿತ್ತು. ನನ್ನ ಕೈಯ ಸದ್ದೇ ನನಗೆ ಸರಪಳಿ ಅಣ್ಣಾ. ಎರಡು ವರ್ಷ ಎರಡು ತಿಂಗಳು ಆ ಸದ್ದಿನೊಳಗೇ ಇದ್ದೆ.

ಹೊರಗೆ ತಂದದ್ದೂ ಆ ರೊಟ್ಟಿಯೇ. ಡೆಲ್ಫ್ಟ್‌ನಲ್ಲಿ ನೀರಿನ ವಿಷಯದಲ್ಲಿ ಸಂಶೋಧನೆ ಮಾಡುವ ಪೂಜಿತಾ ಎಂಬ ಹೆಣ್ಣುಮಗಳಿದ್ದಾಳೆ, ನಮ್ಮ ಸಿಂದಗಿಯವಳು. ರೊಟ್ಟಿ ತಿಂದು ಅವಳಿಗೆ ತಾಯಿಯ ನೆನಪಾಗಿ, ಇಷ್ಟು ತೆಳ್ಳಗೆ ಹೇಗೆ ಮಾಡುತ್ತೀರಿ ಎಂದು ಅನಸೂಯಾಳಿಗೆ ಫೋನು ಹಚ್ಚಿದಳು. “ಎಂತ ಇಲ್ಲ, ಲಟ್ಟಣಿಗೆಯಲ್ಲಿ ಚೆಂದ ಮಾಡಿ ಲಟ್ಟಿಸಿದ್ರೆ ಆಯ್ತು” ಅಂದಳಂತೆ ನಮ್ಮ ಅಕ್ಕ! ರೊಟ್ಟಿಯ ತುಂಬ ನನ್ನ ಬೆರಳಿನ ಅಚ್ಚು ಕೂತಿದೆ, ಲಟ್ಟಿಸಿದ್ದಂತೆ. ಪೂಜಿತಾಳಿಗೆ ಅನುಮಾನ ಹತ್ತಿತು. ಒಂದು ಮಂಗಳವಾರ, ಅನಸೂಯ ಯೋಗದ ಕ್ಲಾಸಿಗೆ ಹೋದ ಹೊತ್ತಿಗೆ, ಡಬ್ಬಿ ಒಯ್ಯುವ ನೆಪದಲ್ಲಿ ಬಂದು ಗಂಟೆ ಒತ್ತಿದಳು. ಬಾಗಿಲು ತೆರೆಯಲಿಲ್ಲ, ಒಳಗೆ ಪಟಪಟ ಸದ್ದು ಮಾತ್ರ. ಇಲ್ಲಿ ಬಾಗಿಲಿಗೇ ಕಾಗದ ಹಾಕುವ ಸಂದಿ ಇರುತ್ತದೆ. ಅವಳು ಮಂಡಿಯೂರಿ ಅದರೊಳಗೆ ಬಾಯಿಟ್ಟು ಕೂಗಿದಳು: “ಯಾರವ್ವಾ ಒಳಗ? ರೊಟ್ಟಿ ಬಡಿಯಾಕತ್ತೀರಿ, ಬಾಗಲಾ ಯಾಕ ತಗೀವಲ್ರಿ?” ಎರಡು ವರ್ಷದ ಮೇಲೆ ನಮ್ಮ ಕಡೆಯ ಮಾತು ಕಿವಿಗೆ ಬಿತ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಆ ಸಂದಿಯ ಮುಂದೆ ಕೂತು ಅತ್ತೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, “ಕೀಲಿ ಹಾಕ್ಯಾರವ್ವಾ.”

ಅವತ್ತೇ ಪೊಲೀಸರನ್ನು ಕರೆಯುತ್ತೇನೆ ಎಂದಳು. ಬೇಡ, ನನ್ನನ್ನೇ ಹಿಡಿಯುತ್ತಾರೆ ಎಂದು ನಾನೇ ಅಂಗಲಾಚಿದೆ, ಅಷ್ಟು ಹೆದರಿಸಿಟ್ಟಿದ್ದಳು ಆಕೆ. ನಾನಾಗಿ ಹೊರಗೆ ಬರಬೇಕೆಂದರೆ ಅನಸೂಯ ಮನೆಯಲ್ಲಿರಬೇಕು, ಸದ್ದೂ ನಿಲ್ಲಬಾರದು. ಮುಂದಿನ ಮಂಗಳವಾರ ಪೂಜಿತಾ ತನ್ನ ಹಳೆಯ ಫೋನನ್ನು ಆ ಸಂದಿಯಿಂದ ಒಳಗೆ ಹಾಕಿ, ಸದ್ದು ತುಂಬಿಕೊಳ್ಳಲು, ಆಮೇಲೆ ಅದನ್ನು ಹಚ್ಚಲು ಯಾವ ಗುಂಡಿ ಒತ್ತಬೇಕೆಂದು ಹೊರಗಿನಿಂದಲೇ ಹೇಳಿಕೊಟ್ಟಳು. ಬುಧವಾರ ಅದನ್ನು ಹಿಟ್ಟಿನ ಡಬ್ಬಿಯ ಹಿಂದಿಟ್ಟು ರೊಟ್ಟಿ ಬಡಿದೆ. ನಡುವೆ ಭುಜ ಹಿಡಿದುಕೊಂಡು ಕೈ ನಿಂತಿತು, ಮೇಲಿನಿಂದ ಅವಳು ಏನೇನೋ ಕೂಗಿದಳು, ಆ ಕೂಗೂ ಅದರಲ್ಲಿ ಸೇರಿ ಆ ರೆಕಾರ್ಡಿಂಗ್ ಕೆಟ್ಟಿತು. ಗುರುವಾರ ಹಲ್ಲು ಕಚ್ಚಿ ಒಂದೂವರೆ ಗಂಟೆ ಎಡೆಬಿಡದೆ ಬಡಿದೆ. ಅದು ಚೆನ್ನಾಗಿ ಬಂತು. ಆ ಫೋನಿನಲ್ಲಿ ತುಂಬಿದ್ದೆಲ್ಲ ತಾನಾಗಿ ಪೂಜಿತಾಳ ಫೋನಿಗೂ ಹೋಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಶುಕ್ರವಾರ ಹತ್ತು ಗಂಟೆಗೆ ಅನಸೂಯ ಮೇಲೆ ಮೀಟಿಂಗಿಗೆ ಕೂತಳು. ಫೋನನ್ನು ದೊಡ್ಡ ಬೋಗುಣಿಯೊಳಗೆ ನಿಲ್ಲಿಸಿ ಗುರುವಾರದ್ದನ್ನು ಹಚ್ಚಿ, ಹಿತ್ತಲ ಬಾಗಿಲು ದಾಟಿದೆ. ಓಣಿಯ ತುದಿಯಲ್ಲಿ ಪೂಜಿತಾ ಸೈಕಲ್ ಹಿಡಿದು ನಿಂತಿದ್ದಳು. ನಲವತ್ತೆಂಟು ವರ್ಷದ ನಾನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಆಮ್ಸ್ಟರ್‌ಡ್ಯಾಮಿನ ಬೀದಿಯಲ್ಲಿ ಹೋದೆ. ಯಾರೂ ತಿರುಗಿ ನೋಡಲಿಲ್ಲ. ನಾವು ರೈಲು ಹತ್ತಿ ಡೆಲ್ಫ್ಟ್ ಸೇರುವ ಹೊತ್ತಿಗೂ ಅನಸೂಯ ಮೇಲೆ ಕೂತು ನನ್ನ ದುಡಿಮೆ ಕೇಳುತ್ತಿದ್ದಳು. ಹನ್ನೊಂದೂವರೆಗೆ ಕೆಳಗಿಳಿದು ಬಂದರೆ ಹಲಗೆಯ ಮೇಲೆ ಒಂದು ರೊಟ್ಟಿಯೂ ಇಲ್ಲ, ಬೋಗುಣಿ ತಾನೇ ರೊಟ್ಟಿ ಬಡಿಯುತ್ತಿದೆ. ಇದನ್ನು ಪೊಲೀಸರ ಮುಂದೆ ಅವಳೇ ಹೇಳಿಕೊಂಡಿದ್ದಾಳೆ. ಆ ಹೇಳಿಕೆಯನ್ನು ವಕೀಲೆಯ ಕೈಯಲ್ಲಿ ಮೂರು ಸಲ ಓದಿಸಿ ಕೇಳಿದೆ, ಮೂರು ಸಲವೂ ಹೊಟ್ಟೆ ತಣ್ಣಗಾಯಿತು.

ಈಗ ಅವಳ ವಾದ ಏನು ಗೊತ್ತೇ? ರೊಟ್ಟಿಯೆಲ್ಲ ತಾನೇ ಬಡಿಯುತ್ತಿದ್ದಳಂತೆ, ನಾನು ಬೇಸರ ಕಳೆಯಲು ಕೈಜೋಡಿಸುತ್ತಿದ್ದೆನಂತೆ. ಹಾಗಾದರೆ ನ್ಯಾಯಾಲಯದಲ್ಲಿ ಅವಳಿಗೊಂದು ಹಲಗೆ, ಒಂದು ಹಿಡಿ ಜೋಳದ ಹಿಟ್ಟು ಕೊಡಿ, ಒಂದೇ ಒಂದು ರೊಟ್ಟಿ ಬಡಿದು ತೋರಿಸಲಿ ಎಂದೆ. ವಕೀಲೆ ನಕ್ಕಳು, ಹಾಗೆಲ್ಲ ಮಾಡಲು ಬರುವುದಿಲ್ಲವಂತೆ. ಆದರೆ ನೊಂದವಳು ತನ್ನ ಬಾಯಿಯಿಂದ ತನ್ನ ಕಥೆ ಹೇಳಬಹುದು, ದುಭಾಷಿ ಅದನ್ನು ಡಚ್ಚಿಗೆ ಮಾಡುತ್ತಾಳೆ. ಅವರಿಬ್ಬರೂ ಎದುರಿಗೆ ಕೂತಿರುತ್ತಾರೆ. ಅಷ್ಟು ಸಾಕು ನನಗೆ. ಸಟ್ಟುಗದಿಂದ ಹಿಡಿದು ಮೊಸರನ್ನದವರೆಗೆ ಒಂದನ್ನೂ ಬಿಡುವುದಿಲ್ಲ.

ಇಲ್ಲಿ ನಮಗೆ ಹೊಲಿಗೆ ಕಲಿಸಲು ಸುರಿನಾಮ್ ದೇಶದ ಒಬ್ಬ ಅಜ್ಜಿ ಬರುತ್ತಾಳೆ. ಅವಳ ಹಿರಿಯರನ್ನು ಇದೇ ಡಚ್ಚರು ಕಬ್ಬಿನ ತೋಟದಲ್ಲಿ ಗುಲಾಮರಾಗಿ ಇಟ್ಟಿದ್ದರು. ಬಿಡುಗಡೆ ಎಂದು ಸಾರಿದ ಮೇಲೂ ಹತ್ತು ವರ್ಷ ದುಡಿಸಿಕೊಂಡರಂತೆ. ಹೋದ ಜುಲೈ ಒಂದಕ್ಕೆ ಆ ಬಿಡುಗಡೆಯ ದಿನವೆಂದು ಆಮ್ಸ್ಟರ್‌ಡ್ಯಾಮಿನ ಪಾರ್ಕಿಗೆ ನನ್ನನ್ನು ಕರೆದುಕೊಂಡು ಹೋಗಿದ್ದಳು, ಹೆಂಗಸರೆಲ್ಲ ಬಣ್ಣಬಣ್ಣದ ತಲೆವಸ್ತ್ರ ಕಟ್ಟಿ ಬಂದಿದ್ದರು. ಅವಳ ಮುತ್ತಜ್ಜಿಯ ತಾಯಿ ಎರಡು ಸಲ ತೋಟದಿಂದ ಓಡಿಹೋಗಿದ್ದಳಂತೆ. ಆಕೆಯ ಬಗ್ಗೆ ಉಳಿದಿರುವುದು ಒಂದೇ ಕಾಗದ, ಓಡಿಹೋದವಳನ್ನು ಹಿಡಿದುಕೊಡಿ ಎಂದು ಧಣಿ ಹಾಕಿಸಿದ ಪ್ರಕಟಣೆ. ಬೆನ್ನ ಮೇಲಿನ ಬಾಸುಂಡೆಯೇ ಅದರಲ್ಲಿ ಗುರುತು. ಆಕೆ ಏನು ಹೇಳುತ್ತಿದ್ದಳೋ ಯಾರೂ ಬರೆದುಕೊಳ್ಳಲಿಲ್ಲ. ನಿನ್ನ ಮಾತನ್ನು ಬರೆದುಕೊಳ್ಳಲು ಜನ ಕೂತಿದ್ದಾರೆ, ಸಣ್ಣ ದನಿಯಲ್ಲಿ ಹೇಳಬೇಡ ಎಂದಳು ಅಜ್ಜಿ.

ಆದ್ದರಿಂದ ಅಣ್ಣಾ, ಅತಿಥಿ ಎಂದು ಹೇಳುವುದು ನನ್ನಿಂದಾಗದು. ಮಹಾಬಲೇಶ್ವರ ಮತ್ತೆ ಬಂದರೆ ಚಹಾ ಕೊಡು, ಕಾಶಿಯ ಮನಸ್ಸು ಬಹಳ ಸಣ್ಣದು ಎಂದು ಹೇಳು. ಇದಕ್ಕೆ ಸೇಡು ಎನ್ನುತ್ತಾರಾದರೆ ಎನ್ನಲಿ, ಸೇಡೇ ಹೌದು. ಈಗ ದಿನಾ ಬೆಳಿಗ್ಗೆ ಎಡಗೈಯಲ್ಲಿ ಒಂದೇ ರೊಟ್ಟಿ ಬಡಿಯುತ್ತೇನೆ, ಇಡೀ ರೊಟ್ಟಿ, ಬಿಸಿ ಇರುವಾಗಲೇ ತಿನ್ನುತ್ತೇನೆ.

ವೈನಿಗೆ ನನ್ನ ಶರಣು ಹೇಳು, ಮಕ್ಕಳಿಗೆ ಅತ್ತೆಯ ಆಶೀರ್ವಾದ. ಅವ್ವನ ಫೋಟೋಕ್ಕೆ ಶಿವರಾತ್ರಿಯ ದಿನ ನನ್ನ ಹೆಸರಿನಲ್ಲೂ ಒಂದು ಹೂವು ಏರಿಸು. ಕಾಲು ಜೋಪಾನ.

ಇಂತಿ ನಿನ್ನ ಒಬ್ಬಳೇ ತಂಗಿ,
ಕಾಶಮ್ಮ

ಮರೆತಿದ್ದೆ: ಬುಧವಾರದ ರೆಕಾರ್ಡಿಂಗಿನಲ್ಲಿ ಅನಸೂಯ ಏನು ಕೂಗಿದಳೆಂದು ಬರೆಯಲೇ ಇಲ್ಲ. ಅದನ್ನೂ ಹದಿನೆಂಟಕ್ಕೆ ಎಲ್ಲರಿಗೂ ಕೇಳಿಸುತ್ತಾರೆ. “ಸದ್ದು ಎಂತಕ್ಕೆ ನಿಂತದ್ದು? ಐದು ವರ್ಷಕ್ಕೆ ಅಂತ ನಿನ್ನ ಅಣ್ಣನೇ ನಿನ್ನನ್ನು ನಮಗೆ ಒಪ್ಪಿಸಿ ಹೋಟೆಲಿನಲ್ಲಿ ಕುರ್ಚಿ ಹಿಡಿದದ್ದು. ಅಲ್ಲಿವರೆಗೆ ನೀನು ಎಲ್ಲಿಗೂ ಹೋಗ್ಲಿಕ್ಕಿಲ್ಲ.” ಆ ಅಣ್ಣ ಯಾರು ಎಂದು ಪೊಲೀಸರು ಎಷ್ಟು ಸಲ ಕೇಳಿದರೋ. ನನಗೆ ಅಣ್ಣನೇ ಇಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದಿದ್ದಾಳೆ ಎಂದು ಹದಿನಾರು ತಿಂಗಳು ಸಾಧಿಸಿದೆ. ನೀನೂ ನನ್ನಂತೆ ಮೂರು ತಿಂಗಳು ಎಂದೇ ನಂಬಿ ಮೋಸಹೋದವನು ಎಂದುಕೊಂಡಿದ್ದೆ. ಇವತ್ತಿನ ಕಾಗದದ ಎರಡನೇ ಪುಟದಲ್ಲಿ ನೀನೇ ಬರೆದಿದ್ದೀ: “ಎರಡು ವರ್ಷ ಹೆಂಗೂ ಕಳೆದಿದ್ದವು. ಮಾತಾದಂತೆ ಇನ್ನು ಮೂರು ವರ್ಷ ತಾಳಿಕೊಂಡಿದ್ದರೆ ನಾನೇ ಕರೆಸಿಕೊಳ್ಳುತ್ತಿದ್ದೆ.” ಮಾತಾದಂತೆ! ಮಧ್ಯಾಹ್ನವೇ ವಕೀಲೆಯ ಜೊತೆ ಪೊಲೀಸರ ಬಳಿ ಹೋಗಿ, ನನಗೊಬ್ಬ ಅಣ್ಣ ಇದ್ದಾನೆ ಎಂದು ಬರೆಸಿ ಬಂದೆ. ನಿನ್ನ ಹೆಸರು, ಅಪ್ಪನ ಹೆಸರು, ಊರು, ಹೋಟೆಲು ಎಲ್ಲ ಹೇಳಿದೆ. ಪಿನ್‌ಕೋಡ್ ಮಾತ್ರ ನೆನಪಾಗಲಿಲ್ಲ, ನಿನ್ನ ಲಕೋಟೆಯ ಹಿಂದೆ ನೋಡಿ ಬರೆಸಿದೆ.