ರಾಯಪ್ಪನ ಹಲಗೆ ನಿಮ್ಮ ಜೀಪಿನಿಂದ ಇಳಿದ ದಿನ

ಮಾನ್ಯ ಲೋಕಸಭಾ ಸದಸ್ಯರೇ,

ಈ ಕಥೆಯನ್ನು ಮೊದಲು ಹೇಳಿದವಳು ಸೋನಾಬಾಯಿ, ಹೋದ ಭಾನುವಾರ ನಡುಮಧ್ಯಾಹ್ನ, ತಿಕೋಟಾದ ಚಾವಡಿ ಕಟ್ಟೆಯ ಮುಂದೆ ನಿಂತು. ಅವಳ ಗಂಡ ರಾಯಪ್ಪನನ್ನು ನಿಮ್ಮ ಕಣ್ಣೆದುರೇ ಹೊಡೆದು ಕೊಂದರು. ನೀವು ಬಾಯಿ ಬಿಡಲಿಲ್ಲ. ಇದೇ ನನ್ನ ತಕರಾರು.

ನಿಮ್ಮ ಹತ್ತು ವರ್ಷಗಳ ಸೇವೆಯನ್ನು ಕೊಂಡಾಡುವ ಗ್ರಂಥ ವಿಜಾಪುರದಲ್ಲಿ ಅಚ್ಚಾಗಿದೆ. ಜೈಲುವಾಸ, ದಿಲ್ಲಿಯ ಭಾಷಣ, ಎಲ್ಲವೂ ಇವೆ. ಐವತ್ತೇಳರ ಚುನಾವಣೆಯ ಫೋಟೋ ಒಂದಿದೆ: ರಾಯಪ್ಪ ತನ್ನ ಹಲಗೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದಾನೆ. ಅವನ ಕೇರಿಯವರು ಆಗಷ್ಟೇ ಬೌದ್ಧರಾಗಿದ್ದರು. ಸತ್ತ ದನ ಎಳೆಯುವುದನ್ನೂ, ದೊಡ್ಡವರು ಬಂದರೆ ಮುಂದೆ ಹಲಗೆ ಬಾರಿಸುತ್ತ ನಡೆಯುವುದನ್ನೂ ಬಿಟ್ಟಿದ್ದರು. "ಇನ್ನ ಇದು ನನ್ನ ಗ್ವಾಡಿ ಮ್ಯಾಲ ಇರತೈತಿ. ಯಾರರೇ ಬಾರಸು ಅಂದ್ರ ನನ್ನ ಹೆಸರ ಹೇಳು" ಎಂದಿರಿ. ಚಪ್ಪಾಳೆ ಬಿತ್ತು. ಕೇರಿಯ ಮತವೂ ಬಿತ್ತು.

ಅರವತ್ತೆರಡರ ಫೋಟೋ ಗ್ರಂಥದಲ್ಲಿಲ್ಲ. ಆ ಪುಟವನ್ನು ನಾನು ತುಂಬುತ್ತೇನೆ. ಅಂದು ನಿಮ್ಮ ಜೀಪಿನಿಂದ ಮೊದಲು ಇಳಿದದ್ದು ನೀವಲ್ಲ, ಆ ಹಲಗೆ. ಊರಗೌಡರಿಗೆ ಹಳೆಯ ಪದ್ಧತಿಯ ಮೆರವಣಿಗೆ ಬೇಕಿತ್ತು. ನಿಮಗೆ ಗೌಡರು ಬೇಕಿದ್ದರು.

"ಲೇ ರಾಯ್ಯಾ, ಸಾಹೇಬ್ರು ನಿನ್ನ ಹಲಗಿ ವಾಪಸ್ ತಂದಾರ. ಕೊಳ್ಳಾಗ ಹಾಕ್ಕೋ" ಎಂದ ಗೌಡರ ತಮ್ಮ.

"ಅದು ಸಾಹೇಬ್ರದು ಆಗೇತ್ರಿ. ಅವರs ಬಾರಸ್ಲಿ, ಬೇಕಾದ್ರ ನಾ ಕುಣೀತೇನಿ" ಎಂದ ರಾಯಪ್ಪ.

ಜನ ನಕ್ಕರು. ಆ ನಗುವೇ ಅವನನ್ನು ಕೊಂದಿತು. ಕೊಡಲಿಯ ಹಿಂಬದಿಯಿಂದ ಮೊದಲ ಏಟು ಮೊಣಕೈಗೆ, ಎರಡನೆಯದು ಇನ್ನೊಂದು ಕೈಗೆ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಬಿದ್ದವನ ಮುರಿದ ತೋಳಿನ ಮೇಲೆ ಹಲಗೆಯಿಟ್ಟು "ಈಗ ಬಾರಸು" ಎಂದು ತುಳಿದರು. ಮೂರನೆಯ ಏಟು ತಲೆಗೆ. ರಕ್ತ ನಿಮ್ಮ ಧೋತರಕ್ಕೂ ಸಿಡಿಯಿತು. "ಯಪ್ಪಾ, ನಿಮ್ಮ ಹೆಸರ ಹೇಳು ಅಂದಿದ್ರೆಲ್ರಿ! ಒಂದ ಮಾತ ಅನ್ರಿ!" ಎಂದು ಸೋನಾಬಾಯಿ ನಿಮ್ಮ ಕಾಲು ಹಿಡಿದಳು. ನೀವು ಅಂದ ಒಂದು ಮಾತು ಡ್ರೈವರನಿಗೆ: "ಬಬಲೇಶ್ವರಕ್ಕ ಹೊತ್ತಾತು, ನಡಿ." ಅಲ್ಲಿ ಎರವಲು ಧೋತರ ಉಟ್ಟು ಒಂದು ತಾಸು ಅಹಿಂಸೆಯ ಬಗ್ಗೆ ಮಾತಾಡಿದಿರಂತೆ. ಅಹಿಂಸೆಗೆ ಅಷ್ಟೊಂದು ಮಡಿಯೇ?

ಎತ್ತು ಹಾಯ್ದು ಸತ್ತನೆಂದು ಪಂಚನಾಮೆಯಾಯಿತು. ಊರಿನ ಹನ್ನೊಂದು ಜನ ಸಹಿ ಹಾಕಿದೆವು. ನಮ್ಮ ಊರ ಎತ್ತಿಗೆ ಕೊಡಲಿ ಹಿಡಿಯಲು ಕಲಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ಭಾನುವಾರ ಸೋನಾಬಾಯಿ ಆ ಗ್ರಂಥ ಹಿಡಿದು ಬಂದಳು. "ನನ್ನ ಗಂಡಂದು ಇದೊಂದs ಫೋಟೋ ಐತಿ. ಅದೂ ಅವರ ಪುಸ್ತಕದಾಗ" ಎಂದಳು. ಎಲ್ಲ ಹೇಳಿ ಮುಗಿಸಿ, ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಕೇಳಿದಳು: "ಎತ್ತು ಯಾವ ಬಣ್ಣದ್ದಿತ್ತು, ಹೇಳ್ರಿ?" ಕಡೆಗೆ ನನ್ನ ತಾಯಿ ಮುದುಕವ್ವ ಎದುರಿನ ನಮ್ಮ ಮನೆಯ ಬಾಗಿಲಿನಿಂದ ನನ್ನನ್ನೇ ಕೂಗಿ ಕೇಳಿದಳು: "ಕೆಂಪಿತ್ತೇನೋ ಖಂಡ್ಯಾ?"

ಆದ್ದರಿಂದ ನನ್ನ ಬೇಡಿಕೆ: ವಿಜಾಪುರದ ನ್ಯಾಯಾಲಯಕ್ಕೆ ಬಂದು, ಕೊಡಲಿ ಯಾರ ಕೈಯಲ್ಲಿತ್ತೆಂದು ಹೇಳಿ. ಅಂದು ಜೀಪಿನಲ್ಲೇ ವಾಪಸ್ ಒಯ್ದು ನಿಮ್ಮ ಗೋಡೆಗೆ ಮತ್ತೆ ನೇತುಹಾಕಿರುವ ಆ ಹಲಗೆಯನ್ನೂ ತನ್ನಿ. ಅದರ ಅಂಚಿನ ಕಲೆ ಎಣ್ಣೆಯದಲ್ಲ. ಗೌಡರ ಭಯವಿದೆ ಎನ್ನುವಿರಾ? ಸಹಿ ಹಾಕಿದ ಹನ್ನೊಂದು ಜನರಲ್ಲಿ ಎಂಟು ಜನ ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಅದೇ ನ್ಯಾಯಾಲಯಕ್ಕೆ ಹೋಗಿ, ನಮ್ಮ ಸಹಿ ಸುಳ್ಳು, ಸತ್ತವನು ಎತ್ತಿನಿಂದ ಸಾಯಲಿಲ್ಲ ಎಂದು ಬರೆದುಕೊಟ್ಟು ಬಂದಿದ್ದೇವೆ.

ಇಂತಿ,
ಅಂದು ನಿಮ್ಮ ಕೊರಳಿಗೆ ಹಾರ ಹಾಕಿ, ಮರುದಿನ ಎತ್ತಿನ ಮೇಲೆ ಕೊಲೆ ಹೊರಿಸಿದ
ಖಂಡಪ್ಪ, ತಿಕೋಟಾ